ಮುಂಬೈ ಅಂಗಡಿಯ 'ಕಾಶಾನ್' ಕಾರ್ಪೆಟ್: ಹೆಸರು ಇರಾನಿನದು, ನೇಯ್ದವರು ಯಾರು?

ಮುಂಬೈ: ಕೊಲಾಬಾದ ಕರಕುಶಲ ಮಳಿಗೆ ಇರಲಿ, ಲೋವರ್ ಪರೇಲ್‌ನ ರಘುವಂಶಿ ಮಿಲ್ಸ್ ಆವರಣದ ಗೃಹಾಲಂಕಾರದ ಅಂಗಡಿ ಇರಲಿ, ಪರ್ಷಿಯನ್ ಕಾರ್ಪೆಟ್ ಕೇಳಿದವರ ಕಿವಿಗೆ ಬೀಳುವ ಹೆಸರುಗಳಲ್ಲಿ 'ಕಾಶಾನ್' ಒಂದು. ಕಡುಗೆಂಪು ನೆಲ, ನಡುವೆ ದೊಡ್ಡ ಪದಕ, ನಾಲ್ಕು ಮೂಲೆಗೂ ಅದೇ ಪದಕದ ತುಣುಕು, ಸುತ್ತ ಕಡುನೀಲಿ ಅಂಚು. ನೋಡಿದ ಕೂಡಲೇ ಗುರುತು ಸಿಗುವ ವಿನ್ಯಾಸ. ಆದರೆ ಈ ರತ್ನಗಂಬಳಿಗಳಲ್ಲಿ ಎಷ್ಟೋ ಇರಾನಿನ ಕಾಶಾನ್ ನಗರವನ್ನು ಕಂಡೇ ಇಲ್ಲ. ಅವು ಹುಟ್ಟಿದ್ದು ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರದಲ್ಲಿ ಅಥವಾ ರಾಜಸ್ಥಾನದ ಮಗ್ಗಗಳಲ್ಲಿ. ವ್ಯಾಪಾರದ ಭಾಷೆಯಲ್ಲಿ ಇವು 'ಇಂಡೋ-ಕಾಶಾನ್'. ಗ್ರಾಹಕನ ಮುಂದೆ ಬರುವ ಹೊತ್ತಿಗೆ ಆ 'ಇಂಡೋ' ಎಷ್ಟೋ ಬಾರಿ ಉದುರಿಹೋಗಿರುತ್ತದೆ.

ಕಾಶಾನ್ ಹೆಸರಿಗೆ ಬೆಲೆ ಸುಮ್ಮನೆ ಬಂದಿದ್ದಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ, 1539-40ರ ಪ್ರಸಿದ್ಧ ಅರ್ದಬಿಲ್ ಕಾರ್ಪೆಟ್ ಮೇಲೆ ಮಕ್ಸೂದ್ ಕಾಶಾನಿ ಎಂಬ ಹೆಸರನ್ನೇ ನೇಯಲಾಗಿದೆ. 2010ರಲ್ಲಿ ಯುನೆಸ್ಕೋ ಕಾಶಾನಿನ ನೇಯ್ಗೆ ಕೌಶಲವನ್ನು ಮಾನವ ಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ವರ್ಷ ಬಿದ್ದ ಹೊಡೆತ

ವಿಪರ್ಯಾಸ ಎಂದರೆ, ಅದೇ 2010ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕ ಇರಾನಿ ಕಾರ್ಪೆಟ್ ಆಮದಿಗೆ ಮತ್ತೆ ಬಾಗಿಲು ಹಾಕಿತು. 2016ರಲ್ಲಿ ಪರಮಾಣು ಒಪ್ಪಂದದ ಬಳಿಕ ತೆರೆದ ಬಾಗಿಲು 2018ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಮುಚ್ಚಿತು. ದೊಡ್ಡ ಗ್ರಾಹಕ ಕೈತಪ್ಪಿದ್ದಷ್ಟೇ ಅಲ್ಲ, ಬ್ಯಾಂಕ್ ಮೂಲಕ ಹಣ ಕಳಿಸುವ ದಾರಿಯೂ ಇರಾನಿಗೆ ಕಿರಿದಾಯಿತು. ಇರಾನಿನ ನೇಕಾರ ಬಿಟ್ಟ ಜಾಗಕ್ಕೆ ಭಾರತದ ಮಗ್ಗಗಳು ಇನ್ನಷ್ಟು ಹೊಕ್ಕವು. ವಿನ್ಯಾಸ ಅಲ್ಲಿಯದು, ಗಂಟು ಇಲ್ಲಿಯದು.

ಭಾರತಕ್ಕೂ ಪೆಟ್ಟು ಬೀಳಲು ತಡವಾಗಲಿಲ್ಲ. 2025ರ ಆಗಸ್ಟ್ 7ರಿಂದ ಶೇ 25, ಆಗಸ್ಟ್ 27ರಿಂದ ಮತ್ತೆ ಶೇ 25 ಹೆಚ್ಚುವರಿ ಸುಂಕವನ್ನು ಅಮೆರಿಕ ಭಾರತದ ಸರಕಿನ ಮೇಲೆ ಹೇರಿತು. ಭಾರತದ ಕೈಮಗ್ಗದ ಕಾರ್ಪೆಟ್ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತಿದ್ದುದೇ ಅಮೆರಿಕಕ್ಕೆ. ಅದರ ಬೆನ್ನಿಗೇ, ಸೆಪ್ಟೆಂಬರ್ 22ರಿಂದ, ದೇಶದೊಳಗೆ ಕಾರ್ಪೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸುಂಕದ ದರ ಮುಂದೆ ಏನೇ ಆಗಲಿ, ಒಂದೇ ದೇಶವನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದು ರಫ್ತುದಾರರಿಗೆ ಅರ್ಥವಾಗಿದೆ. ಮುಂಬೈಯಂಥ ನಗರದ ಗ್ರಾಹಕ ಈಗ ಅವರಿಗೆ ಮೊದಲಿಗಿಂತ ಮುಖ್ಯ. ಹಾಗಾಗಿಯೇ ಆ ಗ್ರಾಹಕನಿಗೆ ಯಾವ ಹೆಸರಿನಲ್ಲಿ ಏನನ್ನು ಮಾರಲಾಗುತ್ತಿದೆ ಎಂಬ ಪ್ರಶ್ನೆಗೂ ತೂಕ ಬಂದಿದೆ.

ಲೆಕ್ಕ ಹಾಕಿದರೆ ಗೊತ್ತಾಗುತ್ತೆ

ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಕಾರ್ಪೆಟ್ ತೆಗೆದುಕೊಳ್ಳಿ. ಒಟ್ಟು 7,776 ಚದರ ಇಂಚು. ಇಂಚಿಗೆ 200 ಗಂಟಿನ ಸಾಧಾರಣ ನವಿರು ಇದ್ದರೂ ಒಟ್ಟು 15.5 ಲಕ್ಷಕ್ಕೂ ಹೆಚ್ಚು ಗಂಟು. ಒಬ್ಬರು ದಿನಕ್ಕೆ 8,000 ಗಂಟು ಹಾಕುತ್ತಾರೆ ಎಂದಿಟ್ಟುಕೊಂಡರೆ 194 ದಿನದ ಕೆಲಸ. ದಿನಗೂಲಿ 500 ರೂಪಾಯಿ ಎಂದೇ ಹಿಡಿದರೂ ಕೂಲಿಯೇ 97 ಸಾವಿರ. ಉಣ್ಣೆ, ಬಣ್ಣ, ತೊಳೆಯುವುದು, ಸಾಗಣೆ, ಅಂಗಡಿ ಬಾಡಿಗೆ ಎಲ್ಲ ಇನ್ನೂ ಹೊರಗೇ ಇದೆ. ಇಂಥದ್ದೇ ಅಳತೆಯ 'ಕೈಗಂಟಿನ ಕಾಶಾನ್' 30 ಸಾವಿರಕ್ಕೆ ಸಿಗುತ್ತಿದ್ದರೆ ಎರಡೇ ಸಾಧ್ಯತೆ: ಒಂದೋ ಅದು ಕೈಗಂಟಿನದ್ದಲ್ಲ, ಇಲ್ಲವೇ ನೇಯ್ದವರಿಗೆ ಸರಿಯಾದ ಕೂಲಿ ಸಿಕ್ಕಿಲ್ಲ.

ಮೊದಲನೆಯದನ್ನು ಕಂಡುಹಿಡಿಯುವುದು ಸುಲಭ. ಕಾರ್ಪೆಟ್ ಮಗುಚಿ ನೋಡಿ. ಹಿಂಬದಿಯಲ್ಲೂ ಅದೇ ಚಿತ್ರ, ಒಂದೊಂದೇ ಗಂಟು ಕಾಣಬೇಕು. ಬಟ್ಟೆ ಅಂಟಿಸಿದ್ದರೆ ಅದು ಗನ್ ಹಿಡಿದು ನೂಲು ತೂರಿಸಿ ಮಾಡಿದ 'ಟಫ್ಟೆಡ್' ಮಾಲು. ತುದಿಯ ಕುಚ್ಚು ಹಾಸಿನ ನೂಲಿನದೇ ಮುಂದುವರಿಕೆ ಆಗಿರಬೇಕು, ಆಮೇಲೆ ಹೊಲಿದದ್ದಲ್ಲ. 'ಆರ್ಟ್ ಸಿಲ್ಕ್' ಎಂದರೆ ರೇಷ್ಮೆ ಅಲ್ಲ, ಸಾಮಾನ್ಯವಾಗಿ ವಿಸ್ಕೋಸ್. ಇನ್ನೊಂದು ಮಾತು: ಇರಾನಿನ ಯಂತ್ರ ತಯಾರಿ ಕಾರ್ಪೆಟ್‌ನ ದೊಡ್ಡ ಕೇಂದ್ರವೂ ಕಾಶಾನ್ ಪ್ರದೇಶವೇ. ಹೀಗಾಗಿ 'ಮೇಡ್ ಇನ್ ಇರಾನ್' ಚೀಟಿ ಕಂಡ ಮಾತ್ರಕ್ಕೆ ಕೈಯಲ್ಲಿ ನೇಯ್ದದ್ದು ಎಂದುಕೊಳ್ಳುವ ಹಾಗಿಲ್ಲ.

ಎರಡನೆಯದು ಹಾಗೆ ಕಣ್ಣಿಗೆ ಕಾಣುವುದಿಲ್ಲ. ಭದೋಹಿಯ ಕೈಮಗ್ಗದ ಕಾರ್ಪೆಟ್‌ಗೆ 2010ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಆದರೂ ಮಾಲು ಇರಾನಿ ಊರಿನ ಹೆಸರಿನಲ್ಲಿ ಮಾರಾಟವಾದರೆ ಆ ಟ್ಯಾಗ್‌ನಿಂದ ನೇಕಾರನಿಗೆ ಬರುವುದು ಕಡಿಮೆ. ಊರಿನ ಹೆಸರನ್ನು ಕಾಯಲು ಇರಾನ್ ಸೇರಿರುವ ಲಿಸ್ಬನ್ ವ್ಯವಸ್ಥೆಯಲ್ಲಿ ಭಾರತ ಸದಸ್ಯ ಅಲ್ಲ. ಅಲ್ಲಿನ ನೋಂದಣಿ ಇಲ್ಲಿ ತಾನಾಗಿ ಅನ್ವಯಿಸದು. ನಷ್ಟ ಎರಡೂ ಊರಿಗೆ.

ನವಲಗುಂದದ ಕಥೆ ಬೇರೆ

ಹಾಗಾದರೆ ಹೆಸರಿಗೆ ರಕ್ಷಣೆ ಸಿಕ್ಕರೆ ಸಾಕೇ? 1956ರವರೆಗೆ ಮುಂಬೈ ರಾಜ್ಯದಲ್ಲೇ ಇದ್ದ ಧಾರವಾಡ ಜಿಲ್ಲೆಯ ನವಲಗುಂದವನ್ನು ನೋಡಬೇಕು. ಅಲ್ಲಿನ ಜಮಖಾನ ಗಂಟಿನದ್ದಲ್ಲ, ಹತ್ತಿಯ ಚಪ್ಪಟೆ ನೇಯ್ಗೆ. ನವಿಲು, ಪಗಡೆ ಹಾಸಿನ ಚಿತ್ತಾರಕ್ಕೆ ಹೆಸರುವಾಸಿ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಯುದ್ಧಕ್ಕೆ ಅಂಜಿ ವಲಸೆ ಬಂದ ಕುಟುಂಬಗಳು ಈ ಕಲೆ ತಂದವು ಎನ್ನುತ್ತಾರೆ. ಆಗಿನ ಸಿರಿವಂತರ ರತ್ನಗಂಬಳಿ ಹೇಗಿತ್ತು ಎಂಬುದಕ್ಕೆ ಅಸಾರ್ ಮಹಲಿನಿಂದ ತಂದವು ಗೋಳಗುಮ್ಮಟದ ಮ್ಯೂಸಿಯಂನಲ್ಲಿ ಇವತ್ತೂ ಇವೆ.

ನವಲಗುಂದದಲ್ಲಿ ನೇಯುವವರು ಮಹಿಳೆಯರೇ. ಗುಟ್ಟು ಬೇರೆ ಮನೆಗೆ ಹೋಗದಿರಲಿ ಎಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ವಾಡಿಕೆ ಇತ್ತು. 2011ರಲ್ಲಿ ಜಿಐ ಟ್ಯಾಗ್ ಬಂತು. ಆದರೆ ಮಗ್ಗದ ಮುಂದೆ ಕೂರುವವರು ಮಾತ್ರ ಈಗ ಬೆರಳೆಣಿಕೆಯಷ್ಟು. ದಿನಗಟ್ಟಲೆ ಕೂತು ನೇಯ್ದರೂ ಹೊಲದ ಕೂಲಿಯಷ್ಟು ಗಿಟ್ಟದಿದ್ದರೆ ಯಾವ ಸೊಸೆ ಕಲಿತಾಳು?

ಕಾಶ್ಮೀರ ಬೇರೆ ದಾರಿ ಹಿಡಿದಿದೆ. 2022ರಿಂದ ಅಲ್ಲಿನ ಕೈಗಂಟಿನ ಕಾರ್ಪೆಟ್‌ಗೆ ಕ್ಯೂಆರ್ ಕೋಡ್ ಇರುವ ಜಿಐ ಲೇಬಲ್ ಹಾಕಲಾಗುತ್ತಿದೆ. ಸ್ಕ್ಯಾನ್ ಮಾಡಿದರೆ ನೇಯ್ದವರು ಯಾರು, ಯಾವ ಜಿಲ್ಲೆ, ಬಳಸಿದ ನೂಲು ಯಾವುದು ಎಂಬ ವಿವರ ಸಿಗುತ್ತದೆ. 'ಇಂಡೋ-ಕಾಶಾನ್' ಮೇಲೂ ಭದೋಹಿಯ ಹೆಸರು, ನೇಕಾರರ ಹೆಸರು ಹೀಗೇ ಬರುವಂತಾದರೆ ವ್ಯಾಪಾರಿಗೆ ನಷ್ಟವೇನಿಲ್ಲ, ಸುಳ್ಳು ಹೇಳುವವನಿಗೆ ಬಿಟ್ಟು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿರುವುದು ಬಿಲ್. ಕೈಗಂಟಿನದೇ, ನೂಲು ಯಾವುದು, ನೇಯ್ದ ಊರು ಯಾವುದು ಎಂಬ ಮೂರನ್ನೂ ಅದರಲ್ಲಿ ಬರೆಸಿಕೊಳ್ಳಬೇಕು. ಬರೆದದ್ದು ಒಂದು, ಕೊಟ್ಟದ್ದು ಇನ್ನೊಂದು ಆಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.