ವಿನಯ ಕಡಿಮೆಯಾಗಿದೆಯೇ?

"ವಿದ್ಯೆಗೆ ವಿನಯವೇ ಭೂಷಣ" ಎಂದು ನಾವು ಎಷ್ಟೋ ಸಲ ಕಾಪಿ ಬರೆದಿದ್ದೇವೆ. ಆದರೂ ಈಗಿನ ಮಕ್ಕಳಿಗೆ ವಿನಯವೇ ಇಲ್ಲ ಅಂತ ದೊಡ್ಡವರು ಬೈಯುತ್ತಾರೆ. ಇದು ನಿಜವೇ? ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಜ್ಜಿ, "ತಮ್ಮಾ, ಈ ಬಸ್ಸು ಸಾಗರಕ್ಕೆ ಹೋಗ್ತದಾ?" ಎಂದು ಕೇಳಿದರು. ನಾನು "ಬೋರ್ಡ್ ಕಾಣೋದಿಲ್ವಾ?" ಎಂದೆ. ಗೆಳೆಯರು ನಕ್ಕರು. ಅಜ್ಜಿ ಮೆಲ್ಲಗೆ, "ನಂಗೆ ಓದಕ್ಕೆ ಬರಲ್ಲ ಮಗಾ" ಎಂದರು. ನನ್ನ ಜಂಬ ಅಲ್ಲೇ ಇಳಿಯಿತು. ಆದರೆ ತಪ್ಪಾಯ್ತು ಅನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವರು ಬಸ್ ಹತ್ತಿ ಹೋದರು.

ಮನೆಗೆ ಬಂದು ಅಜ್ಜನ ಹತ್ತಿರ ಹೇಳಿದೆ. "ನಿಮ್ಮ ಕಾಲದಲ್ಲಿ ಎಲ್ಲರಿಗೂ ವಿನಯ ಇತ್ತಲ್ವಾ ಅಜ್ಜಾ?" ಎಂದು ಕೇಳಿದೆ. ಅಜ್ಜ ಹೇಳಿದ್ದೇ ಬೇರೆ. "ನಮ್ಮ ಅಪ್ಪ ಒಡೆಯರ ಮನೆ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ತಿದ್ದ. ಅದು ವಿನಯ ಅಲ್ಲ ಮಾರಾಯ, ಹೆದರಿಕೆ" ಎಂದರು. ಆಗ ಗೇಣಿ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರಂತೆ. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಅವರು ತಲೆ ಎತ್ತಿದ್ದು ಅಹಂಕಾರದಿಂದ ಅಲ್ಲ, ನ್ಯಾಯಕ್ಕಾಗಿ.

ಹಾಗಾದರೆ ನಿಜವಾದ ವಿನಯ ಯಾವುದು? ನನಗೆ ನಮ್ಮ ಲಾಂಚ್ ನೆನಪಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ಹಿನ್ನೀರು ತುಂಬಿ ನಮ್ಮ ಕಡೆಯವರಿಗೆ ಸಾಗರದ ದಾರಿ ಮುಚ್ಚಿತು. ಆಮೇಲೆ ಬಹಳ ವರ್ಷ ಲಾಂಚೇ ಗತಿ. ಕಾರಿನವರೂ ತಲೆಹೊರೆಯವರೂ ದಡದಲ್ಲಿ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು 2.44 ಕಿಲೋಮೀಟರ್ ಉದ್ದವನ್ನು ಈಗ ಕೆಲವೇ ನಿಮಿಷದಲ್ಲಿ ದಾಟುತ್ತೇವೆ.

"ಸೇತುವೆ ಬಂದ ಮೇಲೆ ಯಾರಿಗೂ ತಾಳ್ಮೆ ಇಲ್ಲ" ಎಂದು ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ರಾತ್ರಿ ಹೊತ್ತು ಕಾಯಿಲೆಯಾದವರು, ಹೆರಿಗೆಗೆ ಹೋಗುವವರು ಪಟ್ಟ ಕಷ್ಟ ನಮಗೆ ಗೊತ್ತು. ಸೇತುವೆ ಬೇಕೇ ಬೇಕಿತ್ತು. ಅಲ್ಲದೆ ಲಾಂಚಿಗೆ ಕಾದಿದ್ದು ಬೇರೆ ದಾರಿ ಇಲ್ಲದ್ದಕ್ಕೆ. ಒಡೆಯರ ಮುಂದೆ ಬಗ್ಗಿದ್ದೂ ಹಾಗೆಯೇ. ಬಲವಂತದಿಂದ ಬಂದದ್ದು ವಿನಯ ಅಲ್ಲ. ಮುಂದೆ ನುಗ್ಗುವ ಶಕ್ತಿ ಇದ್ದೂ ಹಿಂದಿರುವವರಿಗೆ ಜಾಗ ಬಿಡುವುದು ವಿನಯ. ನಮಗೆ ಗೊತ್ತಿದ್ದನ್ನು ಗೊತ್ತಿಲ್ಲದವರಿಗೆ ನಗದೆ ಹೇಳುವುದು ವಿನಯ. ತುಂಬಿದ ಕೊಡ ತುಳುಕುವುದಿಲ್ಲ ಅಲ್ಲವೇ?

ಆದ್ದರಿಂದ ವಿನಯ ಕಡಿಮೆಯಾಗಿದೆ ಅಂತ ದೂರುವ ಮೊದಲು ದೊಡ್ಡವರೂ ಸ್ವಲ್ಪ ಯೋಚಿಸಬೇಕು. ನಾವು ಹೆದರಿ ಸುಮ್ಮನಿದ್ದರೆ ಅದನ್ನೇ ವಿನಯ ಅನ್ನಬಾರದು. ಪ್ರಶ್ನೆ ಕೇಳಿದರೆ ಉದ್ಧಟತನ ಅನ್ನಬಾರದು. ನಾವು ಮಕ್ಕಳೂ ಕಲಿತ ನಾಲ್ಕು ಅಕ್ಷರಕ್ಕೆ ಜಂಬ ಪಡಬಾರದು.

ಈಗ ನಾನು ಬಸ್ ಸ್ಟ್ಯಾಂಡಿನಲ್ಲಿ ಯಾರು ಕೇಳಿದರೂ ಬೋರ್ಡ್ ಓದಿ ಹೇಳುತ್ತೇನೆ. ಆ ಅಜ್ಜಿ ಮಾತ್ರ ಮತ್ತೆ ಸಿಕ್ಕಿಲ್ಲ. ಸಿಕ್ಕಿದರೆ ಮೊದಲು ತಪ್ಪಾಯ್ತು ಅನ್ನಬೇಕು.

— ಏಳನೇ ತರಗತಿಯ ವಿದ್ಯಾರ್ಥಿ, ಬ್ಯಾಕೋಡು