ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಾನ ಹರಾಜಾಯಿತು ಸ್ವಾಮಿ! ಹರಾಜು ಹಾಕಿದವನು ಇನ್ನೂ ಮೀಸೆ ಚಿಗುರದ ಒಬ್ಬ ಹುಡುಗ. ಕಾರಣ, ದಿನಪತ್ರಿಕೆಯ ಪದಬಂಧ. ಅವತ್ತು ಅದರ ತುಂಬ ಸಿನಿಮಾ. “ಸಿನಿಮಾ ಬಗ್ಗೆ ವಾರಾವಾರಾ ಬರೆಯೋನು ನಾನು, ಹತ್ತು ನಿಮಿಷ ಸಾಕು” ಅಂತ ಜಂಭ ಕೊಚ್ಚಿದೆ. ಸೋತರೆ ಅವನಿಗೆ ಬಾಲ್ಕನಿ ಟಿಕೆಟ್ ಅಂತ ಪಂಥವನ್ನೂ ಕಟ್ಟಿದೆ.

ಮೊದಲ ಸುಳಿವು: ‘ಮೊದಲು ಬಾಣ, ಆಮೇಲೆ ಗಿಳಿಯ ಮನೆ, ಸಿಕ್ಕಿಬಿದ್ದವಳು ಕಲ್ಪನಾ (5)’. ಬಾಣ ಅಂದ್ರೆ ಶರ, ಗಿಳಿಯ ಮನೆ ಪಂಜರ. ಸೇರಿಸಿದರೆ ಪುಟ್ಟಣ್ಣನವರ 1971ರ ‘ಶರಪಂಜರ’! ಭೇಷ್!

ಎರಡನೆಯದು: ‘ಸಂಗೀತಾಭ್ಯಾಸದ ನಡುವೆ ಅಡಗಿದ ಶಂಕರ್‌ನಾಗ್ ಚಿತ್ರ (2)’. ತಲೆ ಕೆರೆದುಕೊಂಡೆ. ಉತ್ತರ ಕಣ್ಣೆದುರೇ ಕೂತಿತ್ತು! ಸಂ-ಗೀ-ತಾ-ಭ್ಯಾ-ಸ. ನಡುವೆ ನೋಡಿ, 1981ರ ‘ಗೀತಾ’!

ಮೂರನೆಯದರಲ್ಲಿ ಬಿದ್ದೆ. ‘ಹೆತ್ತವರು ಕಲಿಸೋದೂ ಇದೇ, ಸತ್ತವರಿಗೆ ಮಾಡೋದೂ ಇದೇ (3)’. 1970ರ ‘ಸಂಸ್ಕಾರ’ ಅಂತ ಹೊಳೆಯಿತು. ಆದರೆ ಅವಸರದಲ್ಲಿ ಬೆರಳು ಮಡಿಸಿದೆ: ಸಂ, ಸ್, ಕಾ, ರ... ನಾಲ್ಕು! ಹೊಂದಲ್ಲ ಅಂತ ಬಿಟ್ಟೆ. ಹುಡುಗ ನಕ್ಕ. “ಅಣ್ಣಾ, ಸ್ಕಾ ಒಂದೇ ಮನೆ. ಒತ್ತು ಅಂದ್ರೆ ತಾಯಿ ಮಡಿಲಲ್ಲಿ ಕೂತ ಕೂಸು. ಅದಕ್ಕೆ ಬೇರೆ ಟಿಕೆಟ್ ಇಲ್ಲ!” ಪಕ್ಕದಲ್ಲಿದ್ದ ಕಂಡಕ್ಟರೂ ತಲೆಯಾಡಿಸಿದರು. ಇನ್ನೇನು ಹೇಳಲಿ?

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅದನ್ನು ವಜ್ರದ ಆಕಾರದಲ್ಲಿ ಕಟ್ಟಿಕೊಟ್ಟ. ಆಮೇಲೆ ಇಂಗ್ಲೆಂಡಿನವರು ಅದಕ್ಕೆ ಮಾತಿನ ಮಸಾಲೆ ಅರೆದು ಹಾಕಿದರು. ಅಲ್ಲಿ ಸ್ವರಕ್ಕೊಂದು ಮನೆ, ವ್ಯಂಜನಕ್ಕೊಂದು ಮನೆ. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲಾ ಸೇರಿ ಒಂದೇ ಮನೆಯಲ್ಲಿ ಸಂಸಾರ!

ಕೊನೆಯ ಸುಳಿವು ಮಾತ್ರ ನನ್ನ ಹೊಟ್ಟೆ ಉರಿಸಿತು. ‘ರಾಜ್ ಚಿತ್ರ (4)’. ಅಷ್ಟೇ! ಅಣ್ಣಾವ್ರು ನಟಿಸಿದ್ದು ಇನ್ನೂರಕ್ಕೂ ಹೆಚ್ಚು ಚಿತ್ರ. ನಾನು 1977ರ ‘ಗಿರಿಕನ್ಯೆ’ ಅಂದೆ, ಹುಡುಗ 1971ರ ‘ಸಾಕ್ಷಾತ್ಕಾರ’ ಅಂದ. ಎರಡಕ್ಕೂ ನಾಲ್ಕೇ ಮನೆ! ಮೂಲೆಯಲ್ಲಿದ್ದ ಆ ಸಾಲನ್ನು ಬೇರೆ ಯಾವ ಪದವೂ ದಾಟಿರಲಿಲ್ಲ. ಇದು ಸುಳಿವಲ್ಲ ಕಣ್ರೀ, ಲಾಟರಿ. ಮರುದಿನ ಉತ್ತರ ಬಂತು: ‘ಸಾಕ್ಷಾತ್ಕಾರ’!

ಸುಳಿವು ನಮ್ಮನ್ನು ಅಡ್ಡದಾರಿಗೆ ಎಳೆಯಲಿ, ಬೇಡ ಅನ್ನಲ್ಲ. ಆದರೆ ವಾಪಸ್ ಬರೋ ದಾರಿಯನ್ನೂ ಅದೇ ಇಟ್ಟಿರಬೇಕು. ಉತ್ತರ ಕಂಡಾಗ “ಥತ್, ಇಷ್ಟೇನಾ!” ಅಂತ ನಾವು ಹಣೆ ಚಚ್ಚಿಕೊಳ್ಳಬೇಕು. ಕಟ್ಟಿದವನ ಹಣೆ ಚಚ್ಚಬೇಕು ಅನ್ನಿಸಬಾರದು.

ಟಿಕೆಟ್ ಕೊಡಿಸಿದೆ. ಲಾಟರಿಯಲ್ಲಿ ಸೋತಿದ್ದಕ್ಕಲ್ಲ, ಒತ್ತಕ್ಷರದ ಪಾಠಕ್ಕೆ ಗುರುದಕ್ಷಿಣೆ! ಹುಡುಗ ಎರಡು ಕೇಳಿದ. ಗೆಳೆಯನೂ ಬರ್ತಾನಂತೆ. “ಅವನನ್ನು ಮಡಿಲಲ್ಲಿ ಕೂರಿಸ್ಕೊಳ್ಳಪ್ಪಾ, ಬೇರೆ ಟಿಕೆಟ್ ಇಲ್ಲ” ಅಂದೆ!

ಈಗ ನಿಮ್ಮ ಸರದಿ. ಸಿನಿಮಾದ ಹೆಸರಲ್ಲ, ಆದರೆ ಅಭಿಮಾನಿಗಳಿಗೆ ಕಷ್ಟವೂ ಅಲ್ಲ: ‘ಅರಸ ತಿರುಗಿ ನಿಂತ, ಮುಪ್ಪು ಬಂತು (2)’.

ಉತ್ತರ ಮುಂದಿನ ವಾರ. ಬಸ್ ಬಂತು, ಬರ್ತೀನಿ!