ಮೂರು ದಿನ ಮಲಗಿದ ಟವರ್ ಯಾರ ಲೆಕ್ಕಕ್ಕೂ ಸಿಗಲಿಲ್ಲ

ಕಳೆದ ಮಳೆಗಾಲದಲ್ಲಿ ಹಾನಗಲ್ ತಾಲ್ಲೂಕಿನ ನಮ್ಮೂರಿನ ಮೊಬೈಲ್ ಟವರ್ ಮೂರು ದಿನ ಬಂದ್ ಆಗಿತ್ತು. ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ದಿನ ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಒತ್ತಲು ನಿಂತವರು ಖಾಲಿ ಚೀಲ ಮಡಚಿಕೊಂಡು ಮನೆಗೆ ಹೋದರು. ಮೂರನೇ ದಿನ ನನಗೊಂದು ನೇಮಕಾತಿ ಅರ್ಜಿ ತುಂಬಲು ಕೊನೆಯ ದಿನ. ಒಟಿಪಿ ಬರಬೇಕಲ್ಲ? ಬೈಕ್ ಹತ್ತಿ ಶಿಗ್ಗಾವಿ ಕಡೆ ಹೆದ್ದಾರಿಯವರೆಗೆ ಹೋಗಿ, ಡಾಬಾ ಒಂದರ ತಗಡಿನ ಕೆಳಗೆ ನಿಂತು ಅರ್ಜಿ ಸಲ್ಲಿಸಿದೆ. ರಾತ್ರಿ ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಮೂರು ದಿನ ಫೋನ್ ಹತ್ತಿಲ್ಲ. ಆ ಮೂರು ದಿನದ ರೊಕ್ಕ ವಾಪಸ್ ಕೊಡ್ತಾರೇನೋ ತಮ್ಮಾ?"

ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಸಾಮಾಜಿಕ ಜಾಲತಾಣದಲ್ಲಿ ಕಂಪನಿಯನ್ನೂ ಟ್ರಾಯ್ ಅನ್ನೂ ಟ್ಯಾಗ್ ಮಾಡಿ ಸಿಟ್ಟು ತೀರಿಸಿಕೊಂಡೆ. ಆಮೇಲೆ ಗೊತ್ತಾಯಿತು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಒಬ್ಬೊಬ್ಬರ ದೂರನ್ನು ವಿಚಾರಿಸುವುದೇ ಇಲ್ಲ. ಅದಕ್ಕೆ ಆ ಅಧಿಕಾರ ಕಾನೂನಿನಲ್ಲಿಲ್ಲ. ದೂರು ಮೊದಲು ಕಂಪನಿಗೆ ಹೋಗಬೇಕು, ಡಾಕೆಟ್ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು ಎನ್ನುತ್ತದೆ 2012ರ ನಿಯಮ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗವಿದೆ. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಟ್ರಾಯ್ ಯಾಕಿದೆ? ನಿಯಮ ಬರೆಯಲು. ಅದು ಹುಟ್ಟಿದ್ದು 1997ರಲ್ಲಿ. ನಮ್ಮ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದೂ ಅದೇ ವರ್ಷ. ಇಬ್ಬರೂ ಒಂದೇ ವಾರಿಗೆಯವರು, ಪರಿಚಯ ಮಾತ್ರ ಇಲ್ಲ.

ಅವ್ವನ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿದೆ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ, ದೊಡ್ಡ ಅಡಚಣೆಯಾಗಿ 24 ಗಂಟೆಗಿಂತ ಹೆಚ್ಚು ಕಾಲ ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು. ಆದರೆ ಈ ಲೆಕ್ಕದ ಘಟಕ ಜಿಲ್ಲೆ. ಒಂದೂರಿನ ಒಂದು ಟವರ್ ಮಲಗಿದರೆ ಅದನ್ನು ಜಿಲ್ಲೆಯ ಅಡಚಣೆ ಎಂದು ಯಾರು ಒಪ್ಪುತ್ತಾರೆ? ಇನ್ನು ಟವರ್ ಬಂದ್ ಆದದ್ದಕ್ಕೆ ಬೇರೆ ಮಾನದಂಡವಿದೆ. ಅದನ್ನು ಅಳೆಯುವುದು ಇಡೀ ಕರ್ನಾಟಕ ವಲಯಕ್ಕೆ ಸೇರಿಸಿ. ದೀರ್ಘ ಕಾಲ ಕೆಟ್ಟು ನಿಂತ ಟವರ್‌ಗಳು ಒಟ್ಟು ಸಂಖ್ಯೆಯ ಸಣ್ಣ ಶೇಕಡಾವಾರು ಮಿತಿಯೊಳಗಿದ್ದರೆ ಕಂಪನಿ ಪಾಸ್. ಬೆಂಗಳೂರಿನ ಸಾವಿರಾರು ಟವರ್‌ಗಳ ಜೊತೆ ಹಿರೇಕೆರೂರಿನದನ್ನೂ ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆದರೆ ನಮ್ಮ ಮೂರು ದಿನ ಎಲ್ಲಿ ಕಾಣಬೇಕು!

ನನ್ನ ಪ್ರಕಾರ ಗ್ರಾಹಕರ ಪರ ಕೆಲಸ ಮಾಡುವವರು ಹಿಡಿಯಬೇಕಾದದ್ದು ಈ ಎಳೆಯನ್ನು. "ನೆಟ್‌ವರ್ಕ್ ಸರಿ ಇಲ್ಲ" ಎಂಬ ಮನವಿಗೆ ಟ್ರಾಯ್ ಏನೂ ಮಾಡಲಾರದು. "ಅಡಚಣೆಯನ್ನು ಜಿಲ್ಲೆಯ ಬದಲು ತಾಲ್ಲೂಕು ಮಟ್ಟದಲ್ಲಿ ಲೆಕ್ಕ ಹಾಕಿ" ಎಂದರೆ ಅದು ಉತ್ತರಿಸಲೇಬೇಕಾದ ಮಾತು. ನಿಯಮ ಮಾಡುವ ಮುನ್ನ ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿ, ಪ್ರಶ್ನೆಗಳನ್ನಿಟ್ಟು ಅಭಿಪ್ರಾಯ ಕೇಳುತ್ತದೆ. ಸಂಘವೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಬರೆಯಬಹುದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ನಮಗೆ ಇದನ್ನು ಹೇಳಿಕೊಡಬೇಕಿಲ್ಲ.

2015ರಲ್ಲಿ ಇಂಟರ್ನೆಟ್ ಸಮಾನತೆಯ ಪ್ರಶ್ನೆ ಎದ್ದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಟ್ರಾಯ್‌ಗೆ ಹೋದವು. ಅದೇ ವರ್ಷದ ಕೊನೆಗೆ ಫೇಸ್‌ಬುಕ್ ತನ್ನ 'ಫ್ರೀ ಬೇಸಿಕ್ಸ್' ಪರವಾಗಿ ಬಳಕೆದಾರರಿಂದ ಸಿದ್ಧ ಪಠ್ಯದ ಪತ್ರಗಳನ್ನು ಕಳಿಸಿತು. ನಾವು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಇದರಲ್ಲಿ ಉತ್ತರವೇ ಇಲ್ಲವಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರುವರಿ 8ರಂದು ಬಂದ ನಿಯಮ ಡೇಟಾ ದರದಲ್ಲಿ ತಾರತಮ್ಯವನ್ನೇ ನಿಷೇಧಿಸಿತು. ಅಷ್ಟು ದೊಡ್ಡ ಕಂಪನಿಯ ರಾಶಿ ಪತ್ರಗಳೂ ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ಕತೆ ನಮಗೇ ಕಹಿ. ಕರೆ ಕಡಿತವಾದರೆ ಗ್ರಾಹಕನಿಗೆ 1 ರೂಪಾಯಿ, ದಿನಕ್ಕೆ ಗರಿಷ್ಠ ಮೂರು ಸಲ ಕೊಡಬೇಕೆಂದು 2015ರ ಅಕ್ಟೋಬರ್‌ನಲ್ಲಿ ಟ್ರಾಯ್ ನಿಯಮ ಮಾಡಿತು. ಕೇಳಲು ಹಿತವಾಗಿತ್ತು. ಕಂಪನಿಗಳು ಕೋರ್ಟಿಗೆ ಹೋದವು, 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಎಲ್ಲ ಕರೆ ಕಡಿತಕ್ಕೂ ಕಂಪನಿಯೇ ಕಾರಣವಲ್ಲ ಎಂದು ಟ್ರಾಯ್‌ನದೇ ತಾಂತ್ರಿಕ ಪತ್ರ ಹೇಳಿತ್ತು. ಹಾಗಾಗಿ ನಾವು ಜೋರಾಗಿ ಕೇಳಿ ಪಡೆದ ನಿಯಮಕ್ಕೆ ಆಧಾರ ಗಟ್ಟಿಯಿಲ್ಲದಿದ್ದರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಯಂತ್ರಕರನ್ನು ಬೈಯುವುದಕ್ಕಿಂತ ಅವರ ಕೈಗೆ ಗಟ್ಟಿ ಅಂಕಿ ಅಂಶ ಕೊಡುವುದು ಲಾಭದ ಕೆಲಸ. ಹಾಗಂತ ಅವರು ಕರೆದ ಕಾರ್ಯಾಗಾರದಲ್ಲಿ ಚಹಾ ಕುಡಿದು, ಫೋಟೊ ತೆಗೆಸಿಕೊಂಡು ಬರುವುದನ್ನು ನಾನು ಹೋರಾಟ ಅನ್ನುವುದಿಲ್ಲ.

ಇಂಟರ್ನೆಟ್ ಬಳಸದ ನನ್ನ ಅವ್ವನಂಥವರು ಡೇಟಾಕ್ಕೂ ಸೇರಿಸಿ ದುಡ್ಡು ಕೊಡುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಪ್ರತ್ಯೇಕ ಪ್ಯಾಕ್ ಇರಲೇಬೇಕು ಎಂದಿತು, ವಿಶೇಷ ಪ್ಯಾಕ್‌ಗಳ ವ್ಯಾಲಿಡಿಟಿ ಮಿತಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಬೆಲೆ ಎಷ್ಟಿರಬೇಕು ಎಂಬುದನ್ನು ಮಾತ್ರ ಕಂಪನಿಗಳಿಗೇ ಬಿಟ್ಟಿತು. ಅರ್ಧ ಗೆಲುವು ಅನ್ನಿ.

ಒಂದು ತಕರಾರು ಉಳಿಯುತ್ತದೆ. ಸಮಾಲೋಚನಾ ಪತ್ರಗಳು ಉದ್ದ, ಇಂಗ್ಲಿಷು ಕಾನೂನಿನದು, ಕೊಡುವ ಕಾಲಾವಕಾಶ ಕೆಲವೇ ವಾರ. ಸವಣೂರಿನ ಎಲೆಬಳ್ಳಿ ತೋಟದವರು ಅದನ್ನು ಓದಿ ಬರೆಯುವುದು ಆಗದ ಮಾತು. ಪದವಿ ಮುಗಿಸಿ ಪರೀಕ್ಷೆಗೆ ಕಾಯುತ್ತಿರುವ ನಾವು ಓದಬಹುದು.

ಧಾರವಾಡದಲ್ಲಿ ನನ್ನ ಕೋಣೆಯಲ್ಲಿ ನಾಲ್ವರಿದ್ದೇವೆ, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ: ಊರು, ತಾರೀಕು, ಸಿಗ್ನಲ್ ಹೋದ ಗಂಟೆ, ಬಂದ ಗಂಟೆ, ಡಾಕೆಟ್ ಸಂಖ್ಯೆ. ಕಂಪನಿಗಳು ಈಗ ತಮ್ಮ ವೆಬ್‌ಸೈಟಿನಲ್ಲಿ ವ್ಯಾಪ್ತಿಯ ನಕಾಶೆ ಹಾಕಬೇಕೆಂಬ ನಿಯಮವಿದೆ, ಅದರಲ್ಲಿ ನಮ್ಮೂರಿಗೆ ಬಣ್ಣ ಬಳಿದಿದ್ದಾರೆಯೇ ಎಂಬುದಕ್ಕೂ ಒಂದು ಕಾಲಂ. ಊರಿಂದ ಮಾಹಿತಿ ಕೊಡುವವರಲ್ಲಿ ಅವ್ವನೇ ಮುಂದೆ. ಸಿಗ್ನಲ್ ಬಂದ ತಕ್ಷಣ ಫೋನ್ ಮಾಡುತ್ತಾಳೆ: "ಬರಕೋ, ಇವತ್ತು ಹನ್ನೊಂದರಿಂದ ನಾಲ್ಕರ ತನಕ ಇದ್ದಿಲ್ಲ."